ಲೋಕದ ಹೇರು ಹೊತ್ತ ಲಿವರ್‌ಪೂಲ್

ಮನುಷ್ಯರಿಗೆ ಕಸುಬು ಇರುವಂತೆ ನಗರಗಳಿಗೂ ಇರುತ್ತದೆ. ಇಂಗ್ಲೆಂಡಿನ ಉತ್ತರ ಭಾಗದ ಊರುಗಳನ್ನು ನೆನೆದರೆ ಈ ಮಾತು ಚೆನ್ನಾಗಿ ಮನವರಿಕೆಯಾಗುತ್ತದೆ. ಮ್ಯಾಂಚೆಸ್ಟರ್ ಎಂದರೆ ನೂಲು, ಶೆಫೀಲ್ಡ್ ಎಂದರೆ ಉಕ್ಕು ಹಾಗೂ ಚೂರಿ-ಕತ್ತರಿ, ಬ್ರ್ಯಾಡ್‌ಫರ್ಡ್ ಎಂದರೆ ಉಣ್ಣೆ. ಆದರೆ ಮರ್ಸಿ ನದಿಯ ಅಳಿವೆಯ ದಂಡೆಯಲ್ಲಿ ಬೆಳೆದು ನಿಂತ ಲಿವರ್‌ಪೂಲಿನ ಕಸುಬು ಯಾವುದೆಂದು ಕೇಳಿದರೆ ಒಂದು ವಸ್ತುವಿನ ಹೆಸರನ್ನು ಹೇಳಿ ಮುಗಿಸುವಂತಿಲ್ಲ. ಆ ನಗರವು ನೂತವರಿಗೆ ಅರಳೆಯನ್ನು ತಂದುಕೊಟ್ಟಿತು, ನೇಯ್ದವರ ಬಟ್ಟೆಯನ್ನು ಹೊರನಾಡಿಗೆ ಕಳುಹಿಸಿತು. ಸಕ್ಕರೆ, ಹೊಗೆಸೊಪ್ಪು, ಗೋದಿ, ಮರಮುಟ್ಟು ಎಲ್ಲವೂ ಅದರ ಹೆಗಲ ಮೇಲೆ ಹಾದುಹೋದವು. ಹೇರುವುದು, ಇಳಿಸುವುದು, ಕೂಡಿಡುವುದು, ಸಾಗಿಸುವುದು, ಇವೇ ಅದರ ಕೈಗಾರಿಕೆ.

ಬಂದರುಗಳ ಮಗ್ಗುಲಲ್ಲಿ ಬದುಕು ಕಟ್ಟಿಕೊಂಡ ಹೊರನಾಡ ಕನ್ನಡಿಗರಾದ ನಮಗೆ ಇಂತಹ ಊರಿನ ಕಥೆ ಪರಕೀಯವೆನಿಸಲಾರದು. ಸಾಲದುದಕ್ಕೆ, ಒಂದು ಕಾಲದಲ್ಲಿ ಧಾರವಾಡದ ಹೊಲಗಳ ಅರಳೆಗೂ ಆ ಊರಿನ ಪೇಟೆಗೂ ನೇರವಾದ ನಂಟು ಇತ್ತು. ಪರರ ಹೇರನ್ನು ಹೊತ್ತು ಬಾಳಿದ ಊರು, ಹೊರಿಸುವವರೇ ಇಲ್ಲವಾದಾಗ ಏನಾಗುತ್ತದೆ? ಲಿವರ್‌ಪೂಲಿನ 3 ಶತಮಾನಗಳ ಇತಿಹಾಸದಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

ಬಾಗಿಲಿಟ್ಟ ನೀರು

1207ರಲ್ಲಿ ಜಾನ್ ದೊರೆಯು ಸನ್ನದು ಕೊಟ್ಟು ಸ್ಥಾಪಿಸಿದ ಈ ಊರು ಮುಂದೆ 4 ಶತಮಾನಗಳಿಗೂ ಮಿಕ್ಕಿ ಚಿಕ್ಕ ಊರಾಗಿಯೇ ಉಳಿದಿತ್ತು. ಮರ್ಸಿ ನದಿಯ ಉಬ್ಬರ-ಇಳಿತಗಳು ಬಹು ಪ್ರಬಲವಾದವು. ನೀರಿನ ಮಟ್ಟ ಕೆಲವು ದಿನಗಳಲ್ಲಿ 10 ಮೀಟರುಗಳಷ್ಟು ಏರಿ ಇಳಿಯುವುದುಂಟು. ಏರಿದ ನೀರಿನಲ್ಲಿ ದಂಡೆಗೆ ಬಂದ ಹಡಗು ಇಳಿತದ ಹೊತ್ತಿಗೆ ಕೆಸರಿನಲ್ಲಿ ಹೂತು ನಿಲ್ಲುತ್ತಿತ್ತು. ಸರಕು ಇಳಿಸುವ ಕೆಲಸ ನೀರಿನ ಮರ್ಜಿಯನ್ನು ಕಾಯಬೇಕಾಗಿತ್ತು.

ಇದಕ್ಕೆ ಊರಿನವರು ಕಂಡುಕೊಂಡ ಉಪಾಯ ಬಹು ಸರಳ. ಹಳ್ಳದ ಬಾಯಿಯಲ್ಲಿ ಕೊಳವೊಂದನ್ನು ಕಟ್ಟಿ ಅದಕ್ಕೆ ಬಾಗಿಲಿಡುವುದು. ಉಬ್ಬರದ ಕಾಲದಲ್ಲಿ ಬಾಗಿಲನ್ನು ತೆರೆದು ಹಡಗನ್ನು ಒಳಗೆ ತರುವುದು. ಇಳಿತಕ್ಕೆ ಮುನ್ನ ಅದನ್ನು ಮುಚ್ಚಿ ನೀರನ್ನು ಹಿಡಿದಿಡುವುದು. ಹೊರಗೆ ನದಿ ಎಷ್ಟೇ ಇಳಿಯಲಿ, ಒಳಗಿನ ಹಡಗು ತೇಲುತ್ತಲೇ ಇರುತ್ತದೆ. ಮುಂಬಯಿಯ ಇಂದಿರಾ ಡಾಕನ್ನು ಕಂಡವರಿಗೆ ಈ ಏರ್ಪಾಡು ಸುಲಭವಾಗಿ ಅರ್ಥವಾದೀತು. ಥಾಮಸ್ ಸ್ಟಿಯರ್ಸ್ ಎಂಬ ಇಂಜಿನಿಯರನು ಕಟ್ಟಿದ ಈ ಡಾಕು 1715ರಲ್ಲಿ ತೆರೆಯಿತು. ವ್ಯಾಪಾರಕ್ಕೆಂದೇ ಕಟ್ಟಿದ ಇಂತಹ ಬಾಗಿಲಿನ ಡಾಕುಗಳಲ್ಲಿ ಲೋಕಕ್ಕೆ ಇದೇ ಮೊದಲನೆಯದೆಂದು ಪ್ರತೀತಿ. ಮುಂದೆ ಒಂದಕ್ಕೊಂದು ಹೆಣೆದಂತೆ ನದಿಯ ಉದ್ದಕ್ಕೂ 7 ಮೈಲುಗಳಷ್ಟು ಡಾಕುಗಳ ಸಾಲೇ ಬೆಳೆಯಿತು.

ಆ ಸಾಲಿಗೆ ಕಳಶಪ್ರಾಯವಾದುದು 1846ರಲ್ಲಿ ತೆರೆದ ಆಲ್ಬರ್ಟ್ ಡಾಕು. ಇಂಜಿನಿಯರ್ ಜೆಸ್ಸಿ ಹಾರ್ಟ್‌ಲಿಯು ಅದರ ಉಗ್ರಾಣಗಳನ್ನು ಬೀಡುಕಬ್ಬಿಣ, ಇಟ್ಟಿಗೆ, ಕಲ್ಲುಗಳಿಂದಲೇ ಎಬ್ಬಿಸಿದನು. ಬೆಂಕಿಯ ಭಯದಿಂದ ಕಟ್ಟಡದ ಆಧಾರಕ್ಕೆ ಮರವನ್ನು ಬಳಸಲಿಲ್ಲ. ಅದಕ್ಕೂ ಮೊದಲೇ, 1830ರ ಸೆಪ್ಟೆಂಬರ್ 15ರಂದು, ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುದಾರಿ ಆರಂಭವಾಗಿತ್ತು. ಕಡಲು, ಉಗ್ರಾಣ, ರೈಲು, ಗಿರಣಿ ಇವೆಲ್ಲವೂ ಒಂದೇ ಸರಪಳಿಯ ಕೊಂಡಿಗಳಾದವು.

ಮರೆಯಲಾಗದ ಲೆಕ್ಕ

ಈ ವೈಭವದ ಬುಡದಲ್ಲಿ ಏನಿತ್ತೆಂಬುದನ್ನು ಹೇಳದೆ ಮುಂದುವರಿದರೆ ಕಥೆ ಅರ್ಧ ಸುಳ್ಳಾದೀತು. 18ನೆಯ ಶತಮಾನದಲ್ಲಿ ಲಿವರ್‌ಪೂಲಿನ ಹಡಗುಗಳು ಬಟ್ಟೆ, ಲೋಹದ ಸಾಮಾನು ಮುಂತಾದವುಗಳನ್ನು ಹೇರಿಕೊಂಡು ಪಶ್ಚಿಮ ಆಫ್ರಿಕಕ್ಕೆ ಹೋದವು. ಅಲ್ಲಿ ಮನುಷ್ಯರನ್ನು ಕೊಂಡು ಅಟ್ಲಾಂಟಿಕ್ ಸಾಗರದ ಆಚೆಗೆ ಒಯ್ದು ಮಾರಿದವು. ಅಲ್ಲಿಂದ ಸಕ್ಕರೆ, ಹೊಗೆಸೊಪ್ಪು, ಹತ್ತಿಗಳನ್ನು ತುಂಬಿಕೊಂಡು ಮನೆಗೆ ಮರಳಿದವು. ಹೀಗೆ ಈ ಒಂದು ಬಂದರಿನ ಹಡಗುಗಳು ಸಾಗಿಸಿದ ಆಫ್ರಿಕನರ ಸಂಖ್ಯೆ ಸುಮಾರು 15 ಲಕ್ಷ. ಪುರಭವನದ ಗೋಡೆಯ ಮೇಲೆ ಕೆತ್ತಿದ ಆನೆಗಳೂ ಆಫ್ರಿಕನ್ ಮುಖಗಳೂ ಆ ಸಂಪತ್ತಿನ ಮೂಲವನ್ನು ಇಂದಿಗೂ ಸಾರುತ್ತಿವೆ.

ಊರಿನಲ್ಲಿ ಇದನ್ನು ಎದುರಿಸಿದವರೂ ಇದ್ದರು. ಲಿವರ್‌ಪೂಲಿನಿಂದ ಪಾರ್ಲಿಮೆಂಟಿಗೆ ಆಯ್ಕೆಯಾದ ವಿಲಿಯಂ ರಾಸ್ಕೋ, 1807ರಲ್ಲಿ ಗುಲಾಮ ವ್ಯಾಪಾರದ ನಿಷೇಧಕ್ಕೆ ತನ್ನ ಮತವನ್ನಿತ್ತನು. ಊರಿಗೆ ಮರಳಿದಾಗ ಅವನನ್ನು ಎದುರುಗೊಂಡುದು ಹೂಮಾಲೆಯಲ್ಲ, ಕೆರಳಿದ ಗುಂಪು. ಇದಾದ ಸುಮಾರು 2 ಶತಮಾನಗಳ ಬಳಿಕ, 1999ರಲ್ಲಿ, ನಗರಸಭೆಯು ಈ ವ್ಯಾಪಾರದಲ್ಲಿ ತನ್ನ ಊರಿಗಿದ್ದ ಪಾಲಿಗಾಗಿ ವಿಧಿವತ್ತಾಗಿ ಕ್ಷಮೆ ಬೇಡಿತು. 2007ರಲ್ಲಿ ಆಲ್ಬರ್ಟ್ ಡಾಕಿನಲ್ಲಿಯೇ ಗುಲಾಮಗಿರಿಯ ಇತಿಹಾಸದ ಅಂತಾರಾಷ್ಟ್ರೀಯ ಸಂಗ್ರಹಾಲಯವು ತೆರೆಯಿತು. ತಡವಾಗಿಯಾದರೂ ತನ್ನ ಲೆಕ್ಕದ ಪುಸ್ತಕವನ್ನು ತಾನೇ ಬಿಚ್ಚಿ ಓದಿದ ಊರೆಂದು ನಾವು ಅದನ್ನು ಗೌರವಿಸಬೇಕು.

ಧಾರವಾಡದ ಅರಳೆ, ಕುಮಟೆಯ ಹೆಸರು

ಗುಲಾಮ ವ್ಯಾಪಾರ ನಿಂತಿತು. ಗುಲಾಮರು ಬೆಳೆದ ಅಮೆರಿಕದ ಹತ್ತಿಯ ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಲ್ಯಾಂಕಶೈರಿನ ಗಿರಣಿಗಳ ಹಸಿವನ್ನು ತಣಿಸುತ್ತಿದ್ದುದು ಅದೇ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ ಲಿವರ್‌ಪೂಲಿನ ದಲ್ಲಾಳಿಗಳ ದೃಷ್ಟಿ ಭಾರತದತ್ತ ಹೊರಳಿತು.

ಅದಕ್ಕೆ ಭೂಮಿಕೆ ಮೊದಲೇ ಸಿದ್ಧವಾಗಿತ್ತು. 1840ರ ದಶಕದಲ್ಲಿಯೇ ಧಾರವಾಡ ಪ್ರಾಂತದಲ್ಲಿ ಅಮೆರಿಕದ ನ್ಯೂ ಓರ್ಲಿಯನ್ಸ್ ತಳಿಯ ಬೀಜವನ್ನು ಬಿತ್ತಿಸುವ ಪ್ರಯತ್ನ ನಡೆದು, ಇತರ ಕಡೆಗಳಲ್ಲಿ ಸೋತ ಆ ಬೆಳೆ ನಮ್ಮ ಎರೆಯ ನೆಲದಲ್ಲಿ ಬೇರೂರಿತ್ತು. ಅರಳೆಯ ಅಂಡಿಗೆಗಳು ಎತ್ತುಗಳ ಮೇಲೂ ಬಂಡಿಗಳಲ್ಲಿಯೂ ಘಟ್ಟವಿಳಿದು ಕುಮಟೆಯನ್ನು ಸೇರುತ್ತಿದ್ದವು. ಅಲ್ಲಿಂದ ಮಚವೆಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಲಿವರ್‌ಪೂಲಿಗೆ. ಹೀಗಾಗಿ ಲಿವರ್‌ಪೂಲಿನ ದಲ್ಲಾಳಿಗಳ ಧಾರಣೆಯ ಪಟ್ಟಿಯಲ್ಲಿ ‘ಧಾರವಾಡ’, ‘ಕುಮಟೆ’ ಎಂಬ ಹೆಸರುಗಳು ಹತ್ತಿಯ ಜಾತಿಗಳಾಗಿ ಅಚ್ಚಾಗುತ್ತಿದ್ದವು. ಕನ್ನಡ ನೆಲವನ್ನು ಕಾಣದವರ ಬಾಯಲ್ಲಿ ಕನ್ನಡ ಊರುಗಳ ಹೆಸರು ಹೀಗೆ ಓಡಾಡಿತು! ಕಾರವಾರದ ಬಂದರನ್ನು ಬೆಳೆಸಬೇಕೆಂದು ಮ್ಯಾಂಚೆಸ್ಟರಿನ ಹತ್ತಿ ಕಂಪನಿಯೊಂದು ಒತ್ತಾಯಿಸಿದುದೂ, 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯು ಮದ್ರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದುದೂ ಈ ಹತ್ತಿಯ ಹಾದಿಯ ಅಕ್ಕಪಕ್ಕದ ಘಟನೆಗಳೇ.

ಈ ನಂಟು ಸಿಹಿಯಾಗಿಯೇ ಇತ್ತೆಂದು ತಿಳಿಯಬಾರದು. ಕಸ ಬೆರೆಸಿದ ಅರಳೆ ಬರುತ್ತಿದೆಯೆಂದು ಇಂಗ್ಲೆಂಡಿನಲ್ಲಿ ಗೊಣಗಾಟ ಎದ್ದು, 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಕಲಬೆರಕೆಯ ವಿರುದ್ಧ ಕಾಯಿದೆಯನ್ನೇ ಮಾಡಬೇಕಾಯಿತು. ಬೆಲೆ ಏರಿದಾಗ ಮುಂಬಯಿಯ ವ್ಯಾಪಾರಿಗಳು ರಾತ್ರೋರಾತ್ರಿ ಕುಬೇರರಾದರು. 1865ರಲ್ಲಿ ಅಮೆರಿಕದ ಯುದ್ಧ ನಿಂತು ಬೆಲೆ ಬಿದ್ದಾಗ ಅದೇ ವೇಗದಲ್ಲಿ ದಿವಾಳಿಯೆದ್ದರು. ಇನ್ನು 1880ರ ದಶಕದಲ್ಲಿ ಹೊಸ ರೈಲುದಾರಿ ಹುಬ್ಬಳ್ಳಿಯ ಹತ್ತಿಯನ್ನು ಮರ್ಮಗೋವೆಯ ಕಡೆಗೆ ತಿರುಗಿಸಿತು. ಕುಮಟೆಯ ಧಕ್ಕೆಗಳು ಬರಿದಾದವು. ಸರಕು ತನ್ನ ಹಾದಿಯನ್ನು ಬದಲಿಸುವಾಗ ಬಂದರಿನ ಅಪ್ಪಣೆಯನ್ನು ಕೇಳುವುದಿಲ್ಲ. ಕುಮಟೆಗೆ ಅಂದು ತಿಳಿದ ಈ ಸತ್ಯ ಲಿವರ್‌ಪೂಲಿಗೆ ತಿಳಿಯಲು ಇನ್ನೂ ಸುಮಾರು ಒಂದು ಶತಮಾನ ಹಿಡಿಯಿತು.

ಅರ್ಧ ದಿನದ ಅನ್ನ

ಹೇರು ಹೊತ್ತವರು ಯಾರು? 1840ರ ದಶಕದಲ್ಲಿ ಅಯರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆತು ಘೋರವಾದ ಕ್ಷಾಮ ಬಿದ್ದಿತು. 1847ರ ಒಂದೇ ವರ್ಷದಲ್ಲಿ ಸುಮಾರು 3 ಲಕ್ಷ ಐರಿಷ್ ಜನ ಲಿವರ್‌ಪೂಲಿಗೆ ಬಂದಿಳಿದರು. ಅದು ಹೆಚ್ಚುಕಡಿಮೆ ಆಗಿನ ಊರಿನ ಜನಸಂಖ್ಯೆಯಷ್ಟೇ. ಅನೇಕರು ಅಮೆರಿಕಕ್ಕೆ ಹಡಗು ಹತ್ತಿದರು. ಚೀಟಿಗೆ ಹಣವಿಲ್ಲದವರು ಅಲ್ಲಿಯೇ ಉಳಿದರು. 1830ರಿಂದ 1930ರ ವರೆಗಿನ ಕಾಲದಲ್ಲಿ ಯುರೋಪಿನ ಸುಮಾರು 90 ಲಕ್ಷ ವಲಸೆಗಾರರು ಈ ಬಂದರಿನಿಂದ ಹೊರದೇಶಗಳಿಗೆ ತೆರಳಿದರು. ನೆಲೆ ಬಿಟ್ಟವರ ಪಾಲಿಗೆ ಲಿವರ್‌ಪೂಲ್ ಎಂದರೆ ತಾಯ್ನಾಡಿನ ಕಡೆಯ ಮೆಟ್ಟಿಲು.

ಉಳಿದವರು ಗಾಳಿ ಬೆಳಕಿಲ್ಲದ ನೆಲಮಾಳಿಗೆಗಳಲ್ಲಿ ಕಿಕ್ಕಿರಿದು ಬಾಳಿದರು. 1832ರಲ್ಲಿ ಕಾಲರಾ ಹಬ್ಬಿದಾಗ ಐರಿಷ್ ಮೂಲದ ಬಡ ಹೆಂಗಸು ಕಿಟ್ಟಿ ವಿಲ್ಕಿನ್‌ಸನ್ ತನ್ನ ಮನೆಯ ನೀರೊಲೆಯನ್ನು ನೆರೆಹೊರೆಯವರಿಗೆ ಬಿಟ್ಟುಕೊಟ್ಟು, ರೋಗಿಗಳ ಬಟ್ಟೆಬರೆಗಳನ್ನು ಕುದಿಸಿ ಒಗೆಯುವ ವ್ಯವಸ್ಥೆ ಮಾಡಿದಳು. ಅದರ ಫಲವಾಗಿಯೇ 1842ರಲ್ಲಿ ಸಾರ್ವಜನಿಕ ಒಗೆತದ ಮನೆ ತೆರೆಯಿತು. 1847ರಲ್ಲಿ ಡಾಕ್ಟರ್ ವಿಲಿಯಂ ಹೆನ್ರಿ ಡಂಕನ್ ನಗರದ ಆರೋಗ್ಯಾಧಿಕಾರಿಯಾಗಿ ನೇಮಕವಾದನು. ಇಂತಹ ಹುದ್ದೆ ದೇಶದಲ್ಲಿಯೇ ಮೊದಲನೆಯದು. ಹಡಗುಗಳು ಹೊತ್ತು ತಂದ ಉಷ್ಣದೇಶಗಳ ರೋಗಗಳನ್ನು ಅಭ್ಯಸಿಸಲು 1898ರಲ್ಲಿ ಪ್ರತ್ಯೇಕ ವೈದ್ಯಶಾಲೆ ಹುಟ್ಟಿತು. ಮಲೇರಿಯಕ್ಕೂ ಸೊಳ್ಳೆಗೂ ಇರುವ ಸಂಬಂಧವನ್ನು ಸಿಕಂದರಾಬಾದಿನಲ್ಲಿ ಕಂಡುಹಿಡಿದ, ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಕೆಲಸ ಮಾಡಿದ್ದ ರೊನಾಲ್ಡ್ ರಾಸ್ ಅಲ್ಲಿ ಅಧ್ಯಾಪಕನಾಗಿ, 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ಆದರೂ ಬಂದರಿನ ಕೂಲಿಕಾರನ ಬಾಳು ಬಹುಕಾಲ ಸುಧಾರಿಸಲಿಲ್ಲ. ಗಿರಣಿಯ ಕೆಲಸಗಾರನಿಗೆ ವಾರದ ಸಂಬಳವಾದರೂ ಇರುತ್ತಿತ್ತು. ಇವನಿಗೆ ಅರ್ಧ ದಿನದ ಭರವಸೆ ಮಾತ್ರ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಡಾಕಿನ ಮುಂದೆ ಗುಂಪುಗೂಡಿ ನಿಲ್ಲಬೇಕು. ಮುಕಾದಮನು ಯಾರ ಭುಜ ಮುಟ್ಟುವನೋ ಅವರಿಗೆ ಆ ಹೊತ್ತಿನ ಕೂಲಿ, ಉಳಿದವರಿಗೆ ಮನೆಯ ದಾರಿ. ಗಾಳಿ ತಿರುಗಿ ಹಡಗು ತಡವಾದರೆ ಒಲೆ ಹೊತ್ತುತ್ತಿರಲಿಲ್ಲ. 1904ರಲ್ಲಿ ಎಲಿನರ್ ರಾತ್‌ಬೋನ್ ಎಂಬ ವಿದುಷಿ ಈ ಪದ್ಧತಿಯನ್ನು ಕುರಿತು ವಿವರವಾದ ವರದಿಯನ್ನು ಬರೆದರು. ಅನಿಶ್ಚಿತವಾದ ಕೂಲಿಯಿಂದ ತಾಯಂದಿರೂ ಮಕ್ಕಳೂ ಪಡುವ ಪಾಡನ್ನು ಬಲ್ಲ ಈಕೆಯೇ ಮುಂದೆ ಕುಟುಂಬ ಭತ್ಯಕ್ಕಾಗಿ ದಶಕಗಳ ಕಾಲ ಹೋರಾಡಿ 1945ರಲ್ಲಿ ಅದನ್ನು ಕಾಯಿದೆಯಾಗಿಸಿದರು. ಒಂದು ಬಂದರಿನ ಬೀದಿಯ ನೋವು ಇಡೀ ದೇಶದ ಧರ್ಮವಾಗಿ ಪರಿಣಮಿಸಿದ ಉದಾಹರಣೆಯಿದು.

ದಿನದಿನವೂ ಒಬ್ಬರ ವಿರುದ್ಧ ಒಬ್ಬರು ಪೈಪೋಟಿಗೆ ನಿಲ್ಲಬೇಕಾಗಿದ್ದ ಈ ಜನರೇ ಒಗ್ಗಟ್ಟಿನ ಪಾಠವನ್ನೂ ಕಲಿತರು. 1911ರ ಬೇಸಗೆಯಲ್ಲಿ ಖಲಾಸಿಗಳು, ಡಾಕಿನ ಕೂಲಿಗಳು, ರೈಲು ಕೆಲಸಗಾರರು ಒಟ್ಟಾಗಿ ಹೂಡಿದ ಮುಷ್ಕರ ಊರನ್ನೇ ಸ್ತಬ್ಧಗೊಳಿಸಿತು. ಸರಕಾರವು ಸೈನ್ಯವನ್ನು ಕರೆಸಿತು, ನದಿಯಲ್ಲಿ ಯುದ್ಧನೌಕೆಯನ್ನು ತಂದು ನಿಲ್ಲಿಸಿತು; ಗುಂಡೇಟಿಗೆ ಇಬ್ಬರು ಬಲಿಯಾದರು. ಎರಡು ದೇವಾಲಯಗಳ, ಎರಡು ಪಂಥಗಳ ಜನರು ಅಂದು ಒಂದೇ ಮೆರವಣಿಗೆಯಲ್ಲಿ ನಡೆದುದು ಆ ಊರಿನ ಇತಿಹಾಸದಲ್ಲಿ ಸಣ್ಣ ಸಂಗತಿಯೇನಲ್ಲ. ಡಾಕುಗಳ ಉದ್ದಕ್ಕೂ 1893ರಲ್ಲಿ ಕಟ್ಟಿದ ಎತ್ತರದ ರೈಲುದಾರಿಗೆ ‘ಡಾಕಿನ ಕೂಲಿಗಳ ಕೊಡೆ’ ಎಂಬ ಅಡ್ಡಹೆಸರಿತ್ತು; ಮಳೆ ಬಂದಾಗ ಅದರ ಅಡಿಯಲ್ಲಿಯೇ ಅವರ ನಡಿಗೆ. 1956ರಲ್ಲಿ ಅದೂ ನಿಂತಿತು.

ಪೆಟ್ಟಿಗೆ ಬಂದ ಬಳಿಕ

ಎರಡನೆಯ ಮಹಾಯುದ್ಧದಲ್ಲಿ ಅಟ್ಲಾಂಟಿಕಿನ ನೌಕಾಸಮರದ ಸೂತ್ರ ಲಿವರ್‌ಪೂಲಿನಲ್ಲಿತ್ತು. ಅದರ ಬೆಲೆಯನ್ನೂ ಅದು ತೆತ್ತಿತು: 1941ರ ಮೇ ತಿಂಗಳ ಮೊದಲ ವಾರದ ಬಾಂಬುಗಳಿಗೆ ಸುಮಾರು 1,700 ಜನ ಬಲಿಯಾದರು. ಯುದ್ಧಾನಂತರ, 1947ರ ಯೋಜನೆ ಹಾಗೂ 1967ರ ಸುಧಾರಣೆಗಳಿಂದ ಡಾಕಿನ ಕೂಲಿಗೆ ಕೊನೆಗೂ ಕಾಯಂ ಕೆಲಸ ದೊರೆಯಿತು. ಶತಮಾನದ ಬೇಡಿಕೆ ಈಡೇರಿದ ಹೊತ್ತಿಗೆ ಸರಿಯಾಗಿ ಕೆಲಸವೇ ಕರಗತೊಡಗಿದುದು ವಿಧಿಯ ವಿಡಂಬನೆ.

ಕಂಟೇನರ್ ಎಂಬ ಕಬ್ಬಿಣದ ಪೆಟ್ಟಿಗೆ ಬಂದಿತು. ನೂರಾರು ಜನ ವಾರಗಟ್ಟಲೆ ಹೊತ್ತಿಳಿಸುತ್ತಿದ್ದ ಸರಕನ್ನು ಕೆಲವೇ ಜನ ಕ್ರೇನುಗಳಿಂದ ಗಂಟೆಗಳಲ್ಲಿ ಇಳಿಸುವಂತಾಯಿತು. ಅದಕ್ಕಾಗಿ 1970ರ ದಶಕದ ಆರಂಭದಲ್ಲಿ ಅಳಿವೆಯ ಬಾಯಿಯ ಬಳಿ ಸೀಫೋರ್ತ್ ಡಾಕು ಸಿದ್ಧವಾಯಿತು. 1972ರಲ್ಲಿ ಆಲ್ಬರ್ಟ್ ಡಾಕು ಮುಚ್ಚಿ, ಅದರ ಕೊಳದಲ್ಲಿ ಹೂಳು ತುಂಬಿತು. ವ್ಯಾಪಾರದ ಮುಖವೂ ಅಮೆರಿಕದಿಂದ ಯುರೋಪಿನತ್ತ, ಅಂದರೆ ಇಂಗ್ಲೆಂಡಿನ ಪೂರ್ವ ಹಾಗೂ ದಕ್ಷಿಣ ತೀರಗಳತ್ತ ತಿರುಗಿತು. ಮಕ್ಕಳ ‘ಮೆಕಾನೊ’ ಆಟಿಕೆಯ ಕಾರ್ಖಾನೆ 1979ರಲ್ಲಿ ಮುಚ್ಚಿತು. ಟೇಟ್ ಮತ್ತು ಲೈಲ್ ಕಂಪನಿಯ ಸಕ್ಕರೆ ಕಾರ್ಖಾನೆ 1981ರಲ್ಲಿ ಮುಚ್ಚಿತು. 1931ರಲ್ಲಿ ಸುಮಾರು ಎಂಟೂವರೆ ಲಕ್ಷವಿದ್ದ ಜನಸಂಖ್ಯೆ 2001ರ ಹೊತ್ತಿಗೆ ಸುಮಾರು 4 ಲಕ್ಷ 40 ಸಾವಿರಕ್ಕೆ ಇಳಿಯಿತು. ನಮ್ಮ ಮುಂಬಯಿಯ ಗಿರಣಗಾಂವಿನ ಹೊಗೆಗೊಳವೆಗಳು 1982ರ ಮುಷ್ಕರದ ಬಳಿಕ ಒಂದೊಂದಾಗಿ ತಣ್ಣಗಾದುದನ್ನು ಕಂಡವರಿಗೆ ಈ ಅಂಕೆಗಳ ಹಿಂದಿನ ಮನೆಗಳು ಕಣ್ಣಿಗೆ ಕಟ್ಟದೆ ಇರಲಾರವು.

1981ರ ಜುಲೈಯಲ್ಲಿ ನಿರುದ್ಯೋಗವೂ ಕರಿಯ ಜನರ ಮೇಲೆ ಪೋಲೀಸರ ಬಿಗಿಯೂ ಸೇರಿ ಟಾಕ್ಸ್‌ಟೆತ್ ಪೇಟೆಯಲ್ಲಿ ದೊಡ್ಡ ಗಲಭೆ ಸ್ಫೋಟಿಸಿತು. ಆಗ ಲಂಡನ್ನಿನ ಮಂತ್ರಿಮಂಡಲದಲ್ಲಿ ನಡೆದ ಚರ್ಚೆಯ ಕಾಗದಪತ್ರಗಳು 30 ವರ್ಷಗಳ ಬಳಿಕ, 2011ರ ಕೊನೆಯಲ್ಲಿ, ಬಹಿರಂಗವಾದವು. ಅರ್ಥಮಂತ್ರಿ ಜೆಫ್ರಿ ಹೌ ಪ್ರಧಾನಿಗೆ ಕೊಟ್ಟ ಸಲಹೆಯ ತಾತ್ಪರ್ಯವಿಷ್ಟು: ಲಿವರ್‌ಪೂಲಿಗೆ ಹಣ ಸುರಿಯುವುದು ನೀರನ್ನು ಮೇಲಕ್ಕೆ ಹರಿಯಿಸುವಂತಾದೀತು, ಅದನ್ನು ವ್ಯವಸ್ಥಿತವಾಗಿ ಕುಗ್ಗಲು ಬಿಡುವ ದಾರಿಯನ್ನೂ ಮರೆಯಬಾರದು. ಇನ್ನೊಬ್ಬ ಮಂತ್ರಿ ಮೈಕೆಲ್ ಹೆಸಲ್ಟೈನ್ ಇದನ್ನು ಒಪ್ಪದೆ ಊರಿಗೆ ಹೋಗಿ ಬೀದಿಬೀದಿ ತಿರುಗಿ ಪುನರುಜ್ಜೀವನದ ಪರವಾಗಿ ವಾದಿಸಿದರು.

ಲೋಕದ ಹೇರನ್ನು 3 ಶತಮಾನ ಹೊತ್ತ ಊರು ಕಡೆಗೆ ತಾನೇ ಹೇರಾಗಿ ಕಂಡು, ಅದನ್ನು ಹಾದಿಯಲ್ಲಿ ಇಳಿಸಿಬಿಡಬಹುದೇ ಎಂಬ ಲೆಕ್ಕ ನಡೆದುದನ್ನು ನಾವು ಗಮನಿಸಬೇಕು. ಲಾಭ-ನಷ್ಟದ ಪಟ್ಟಿಯಲ್ಲಿ ಆ ಸಲಹೆ ಸರಿಯಾಗಿ ಕಂಡಿರಬಹುದು. ಆದರೆ ಆ ಪಟ್ಟಿಯಲ್ಲಿ, ಊರಿನಲ್ಲಿ ಹುಟ್ಟಿ ಊರಿನಲ್ಲಿಯೇ ಸಾಯಬೇಕಾದ ಜನರಿಗೆ ಯಾವ ಅಂಕಣವೂ ಇರಲಿಲ್ಲ.

ಜನರು ಮಾತ್ರ ಕುಗ್ಗಲು ಒಪ್ಪಲಿಲ್ಲ. 1989ರಲ್ಲಿ ಕಾಯಂ ಕೆಲಸದ ರಕ್ಷಣೆ ರದ್ದಾಯಿತು. 1995ರ ಸೆಪ್ಟೆಂಬರಿನಲ್ಲಿ ಸಂಗಡಿಗರ ಮುಷ್ಕರದ ಸಾಲನ್ನು ದಾಟಲೊಲ್ಲದ ಸುಮಾರು 500 ಡಾಕಿನ ಕೆಲಸಗಾರರು ವಜಾಗೊಂಡರು. 28 ತಿಂಗಳು ಅವರು ಗೇಟಿನ ಮುಂದೆ ನಿಂತರು. ಕಾಲ್ಚೆಂಡಾಟಗಾರ ರಾಬಿ ಫೌಲರ್ 1997ರಲ್ಲಿ ಗೋಲು ಹೊಡೆದೊಡನೆ ಮೇಲಂಗಿಯನ್ನೆತ್ತಿ, ಅವರನ್ನು ಬೆಂಬಲಿಸುವ ಬರಹವಿದ್ದ ಒಳಅಂಗಿಯನ್ನು ತೋರಿಸಿ ದಂಡ ತೆತ್ತನು. 1998ರ ಜನವರಿಯಲ್ಲಿ ಹೋರಾಟ ಸೋಲಿನಲ್ಲಿ ಮುಗಿಯಿತು. ಆದರೆ ಸೋತವರನ್ನು ಊರು ಮೂರ್ಖರೆನ್ನಲಿಲ್ಲ.

ಉಳಿದುದೇನು

ಇಂದು ಆಲ್ಬರ್ಟ್ ಡಾಕಿನ ಉಗ್ರಾಣಗಳಲ್ಲಿ ಅಂಗಡಿಗಳೂ ಊಟದ ಮನೆಗಳೂ ಇವೆ. ಸಕ್ಕರೆಯ ಕಾರ್ಖಾನೆ ಮುಚ್ಚಿದ 7 ವರ್ಷಗಳಿಗೆ, 1988ರಲ್ಲಿ, ಅದೇ ಸಕ್ಕರೆ ವ್ಯಾಪಾರಿ ಹೆನ್ರಿ ಟೇಟನ ಹೆಸರಿನ ಕಲಾಶಾಲೆ ಅಲ್ಲಿ ತೆರೆಯಿತು. 2004ರಲ್ಲಿ ಈ ಬಂದರಿನ ಪ್ರದೇಶವನ್ನು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹೊಸ ಕಟ್ಟಡಗಳಿಂದ ಅದರ ಸ್ವರೂಪ ಕೆಟ್ಟಿತೆಂದು 2021ರಲ್ಲಿ ತೆಗೆದುಹಾಕಿತು. 1848ರ ಬ್ರ್ಯಾಮ್ಲಿ-ಮೂರ್ ಡಾಕನ್ನು ತುಂಬಿಸಿ ಕಟ್ಟಿದ ಎವರ್ಟನ್ ತಂಡದ ಕ್ರೀಡಾಂಗಣದಲ್ಲಿ 2025ರಿಂದ ಪಂದ್ಯಗಳು ನಡೆಯುತ್ತಿವೆ. ಕಲ್ಲನ್ನು ಕಾಪಾಡಬೇಕೇ, ಕೆಲಸವನ್ನು ತರಬೇಕೇ ಎಂಬ ಜಗಳದಲ್ಲಿ ಊರು ಎರಡನೆಯದನ್ನು ಆರಿಸಿತು. ಆ ಆಯ್ಕೆ ಸರಿಯೇ ಎಂಬುದನ್ನು ಅಲ್ಲಿ ಬಾಳುವವರೇ ಹೇಳಬೇಕು. ದೂರದಲ್ಲಿ ಕುಳಿತು ನಾವು ತೀರ್ಪು ಕೊಡುವುದು ಸಲ್ಲದು.

ಬಂದರು ಸತ್ತಿಲ್ಲವೆಂಬುದನ್ನೂ ಹೇಳಬೇಕು. 2016ರಲ್ಲಿ ನದಿಯೊಳಗೇ ಕಟ್ಟಿದ ಹೊಸ ಧಕ್ಕೆಗೆ ಭಾರಿ ಕಂಟೇನರ್ ಹಡಗುಗಳು ಬರುತ್ತಿವೆ. ಆದರೆ ಅಲ್ಲಿ ಕೈಗಳ ಕೆಲಸ ಕಡಿಮೆ. ಊರಿನ ಅಂಚಿನ ಹೇಲ್‌ವುಡ್ಡಿನಲ್ಲಿ 1963ರಲ್ಲಿ ಫೋರ್ಡ್ ಕಂಪನಿ ತೆರೆದ ಮೋಟಾರು ಕಾರ್ಖಾನೆ 2008ರಿಂದ ಮುಂಬಯಿಯ ಟಾಟಾ ಮೋಟರ್ಸಿನ ಒಡೆತನಕ್ಕೆ ಸೇರಿದ ಜಾಗ್ವಾರ್ ಲ್ಯಾಂಡ್ ರೋವರಿನದಾಗಿದೆ. ಧಾರವಾಡದ ಅರಳೆಗೆ ಲಿವರ್‌ಪೂಲು ಬೆಲೆ ಕಟ್ಟುತ್ತಿದ್ದ ಕಾಲ ಹೋಗಿ, ಲಿವರ್‌ಪೂಲಿನ ಕೆಲಸಗಾರನ ಸಂಬಳದ ನಿರ್ಧಾರದಲ್ಲಿ ಮುಂಬಯಿಗೂ ಪಾಲಿರುವ ಕಾಲ ಬಂದಿದೆ. ಇದರಲ್ಲಿ ಹಿಗ್ಗುವುದಕ್ಕಿಂತ ಹೊಣೆಯನ್ನು ಅರಿಯುವುದು ಮೇಲು. 2021ರ ಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 4 ಲಕ್ಷ 86 ಸಾವಿರಕ್ಕೆ ಏರಿದುದು, ಕುಗ್ಗಲು ಬಿಡಿರೆಂದವರಿಗೆ ಊರು ಕೊಟ್ಟ ಮೌನದ ಉತ್ತರ.

ಲಿವರ್‌ಪೂಲಿನವರನ್ನು ‘ಸ್ಕೌಸರ್’ ಎಂದು ಕರೆಯುತ್ತಾರೆ. ಸ್ಕೌಸ್ ಎಂದರೆ ಖಲಾಸಿಗಳು ಹಡಗಿನಲ್ಲಿ ಬೇಯಿಸಿಕೊಳ್ಳುತ್ತಿದ್ದ ಮಾಂಸ-ಆಲೂಗಡ್ಡೆಯ ಬಡ ಸಾರು. ದೊರೆಯ ಹೆಸರನ್ನಾಗಲಿ ಕೋಟೆಯ ಹೆಸರನ್ನಾಗಲಿ ಧರಿಸದೆ, ದುಡಿಯುವವರ ತಟ್ಟೆಯ ಅಡುಗೆಯ ಹೆಸರನ್ನು ಹೆಮ್ಮೆಯಿಂದ ಧರಿಸಿದ ಜನರವರು. ಅವರ ಮುತ್ತಜ್ಜಂದಿರು ಹೊತ್ತ ಅಂಡಿಗೆಗಳು ಹೋದವು, ಹೊತ್ತಿಳಿಸಿದ ಉಗ್ರಾಣಗಳಲ್ಲಿ ಈಗ ಬೇರೆಯವರು ಕಾಫಿ ಕುಡಿಯುತ್ತಾರೆ. ಆದರೂ ಸಾಲಿನಲ್ಲಿ ನಿಂತವನನ್ನು ದಾಟಿ ಹೋಗಬಾರದೆಂಬ ಅಂದಿನ ನಡತೆ ಅವರಲ್ಲಿ ಉಳಿದಿದೆ. ನಮ್ಮ ಬಂದರುಗಳಿಗೂ ಹೊಸ ಯಂತ್ರಗಳು ಬರುತ್ತವೆ, ಸರಕು ಹೊಸ ಹಾದಿ ಹಿಡಿಯುತ್ತದೆ. ಅದನ್ನು ತಡೆಯುವುದು ಯಾರ ಕೈಯಲ್ಲಿಯೂ ಇಲ್ಲ. ಹಾದಿ ಬದಲಾಗುವ ಆ ಹೊತ್ತಿನಲ್ಲಿ ಹೇರು ಹೊತ್ತವನ ಹೆಸರನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಮಾತ್ರ ಮನುಷ್ಯರ ಕೈಯಲ್ಲಿದೆ.